ಮೇಜಿನ ಮೇಲೆ ಸ್ಲೇಟು, ಜೇಬಿನಲ್ಲಿ ಕಿಟೆಲ್

ಮೈಸೂರಿನಲ್ಲಿ ಕನ್ನಡ ಎಂ.ಎ. ಎರಡನೆಯ ವರ್ಷದಲ್ಲಿ ಓದುತ್ತಿರುವ ನನ್ನ ಹಾಸ್ಟೆಲ್ ಮೇಜಿನ ಮೇಲೆ, ಒಂದನೆಯ ತರಗತಿಯ ಮಕ್ಕಳು ಚೀಲದಲ್ಲಿ ಹಾಕಿಕೊಂಡು ಹೋಗುವಂಥ ಮರದ ಚೌಕಟ್ಟಿನ ಒಂದು ಸ್ಲೇಟು ಇದೆ. ಅದರ ಪಕ್ಕದಲ್ಲಿ ಬಳಪದ ಡಬ್ಬಿ, ಒಂದು ಒದ್ದೆ ಬಟ್ಟೆಯ ತುಂಡು, ಇನ್ನೂರು ಪುಟಗಳ ಎರಡು ಉದ್ದನೆಯ ನೋಟ್‌ಬುಕ್ಕುಗಳು ಮತ್ತು ಒಂದು ಮೂಲೆಯಲ್ಲಿ ಪರದೆ ಸೀಳಿರುವ ಫೋನು ಇರುತ್ತವೆ. ಕೋಣೆಗೆ ಬಂದವರು ಮೊದಲು ಸ್ಲೇಟನ್ನು ನೋಡಿ ನಗುತ್ತಾರೆ, ಆಮೇಲೆ ಅದೇಕೆ ಎಂದು ಕೇಳುತ್ತಾರೆ. ಈ ವರ್ಷ ಸೇರಿದ ಕಿರಿಯರಿಬ್ಬರು, ಹಳಗನ್ನಡದ ಪದ್ಯಗಳನ್ನು ನೀವು ಹೇಗೆ ಓದಿಕೊಳ್ಳುತ್ತೀರಿ, ಯಾವ ಆ್ಯಪ್ ಬಳಸುತ್ತೀರಿ ಎಂದು ಕೇಳಿದಾಗ ನನಗೆ ಬಾಯಿಮಾತಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಆ್ಯಪ್ ಒಂದನ್ನು ಹೆಸರಿಸಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ, ಆದರೆ ಅದು ನಿಜವಾದ ಉತ್ತರವಾಗುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸ್ಲೇಟಿನಿಂದಲೇ ಆರಂಭಿಸುತ್ತೇನೆ. ಹಳಗನ್ನಡ ಕಾವ್ಯದಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುದು ಕಂದಪದ್ಯ. ಅದಕ್ಕೆ ನಾಲ್ಕು ಸಾಲು. ಅಕ್ಷರವನ್ನು ಉಚ್ಚರಿಸುವ ಕಾಲದ ಅಳತೆಯೇ ಮಾತ್ರೆ: ಲಘುವಿಗೆ ಒಂದು, ಗುರುವಿಗೆ ಎರಡು; ಮಾತ್ರೆಗಳ ಗುಂಪು ಗಣ. ಒಂದನೆಯ ಮತ್ತು ಮೂರನೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು, ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಅಂಥವೇ ಐದು ಗಣಗಳು, ಒಟ್ಟು 64 ಮಾತ್ರೆಗಳು. ಪದ್ಯವನ್ನು ಎರಡು ಅರ್ಧಗಳಾಗಿ ನೋಡಿದರೆ ಪ್ರತಿ ಅರ್ಧದಲ್ಲಿಯೂ ಎಂಟು ಗಣಗಳಾಗುತ್ತವೆ. ಅವುಗಳಲ್ಲಿ ಬೆಸ ಸ್ಥಾನದ ಗಣ ಜಗಣ, ಅಂದರೆ ಲಘು-ಗುರು-ಲಘು, ಆಗಬಾರದು, ಆರನೆಯದು ಮಾತ್ರ ಜಗಣವಾಗಿರಬೇಕು ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಇದನ್ನು ಪುಸ್ತಕದಲ್ಲಿ ಓದಿದರೆ ನಿಯಮವಾಗಿ ಮಾತ್ರ ಉಳಿಯುತ್ತದೆ. ಸ್ಲೇಟಿನ ಮೇಲೆ ಪದ್ಯವನ್ನು ಅಗಲವಾಗಿ ಬರೆದು, ಅಕ್ಷರದ ನೆತ್ತಿಯ ಮೇಲೆ ಗುರುವಿಗೆ ಅಡ್ಡಗೆರೆಯನ್ನೂ ಲಘುವಿಗೆ ಬಟ್ಟಲಿನಂಥ ಗುರುತನ್ನೂ ಹಾಕುತ್ತಾ ಹೋದರೆ, ಎಲ್ಲಿ ತಪ್ಪಿದ್ದೇನೆ ಎಂಬುದು ಸಾಲಿನ ಕೊನೆಯಲ್ಲಿ ತಾನಾಗಿಯೇ ಗೊತ್ತಾಗುತ್ತದೆ, ಏಕೆಂದರೆ ಒಂದು ಮಾತ್ರೆ ಹೆಚ್ಚಾಗಿರುತ್ತದೆ ಅಥವಾ ಕಡಿಮೆ ಬಿದ್ದಿರುತ್ತದೆ. ಆಗ ಬಟ್ಟೆಯಿಂದ ಒರೆಸಿ ಮತ್ತೆ ಹಾಕಬೇಕು. ಕಾಗದದ ಮೇಲಾದರೆ ನಾನು ಹೊಡೆದುಹಾಕಿದ ಗುರುತುಗಳ ರಾಶಿಯಲ್ಲಿ ಪದ್ಯವೇ ಕಾಣದಂತಾಗುತ್ತಿತ್ತು. ಸ್ಲೇಟು ಎಷ್ಟು ಸಲ ತಪ್ಪಿದರೂ ಬೇಸರಪಡುವುದಿಲ್ಲ.

ಗುರು ಲಘು ಹಾಕಿಕೊಡುವ ಸಲಕರಣೆಗಳು ಈಗ ಕಂಪ್ಯೂಟರಿನಲ್ಲಿಯೂ ಇವೆ. ನಾನು ಅಂಥದ್ದನ್ನು ಮೊದಲ ಸೆಮಿಸ್ಟರಿನಲ್ಲಿ ಧಾರಾಳವಾಗಿ ಬಳಸಿದೆ. ಪದ್ಯವನ್ನು ಪೆಟ್ಟಿಗೆಯಲ್ಲಿ ಅಂಟಿಸಿದರೆ ಕಣ್ಣುಮಿಟುಕಿಸುವಷ್ಟರಲ್ಲಿ ಗೆರೆ ಬಟ್ಟಲುಗಳು ಸಾಲಾಗಿ ನಿಲ್ಲುತ್ತಿದ್ದವು. ದೀರ್ಘ ಸ್ವರವಿದ್ದರೆ ಗುರು, ಅನುಸ್ವಾರವಿದ್ದರೆ ಗುರು, ಮುಂದೆ ಒತ್ತಕ್ಷರವಿದ್ದರೆ ಹಿಂದಿನದು ಗುರು ಎಂಬುದಷ್ಟೇ ಆದರೆ ಯಂತ್ರ ನನಗಿಂತ ಚೆನ್ನಾಗಿ ಹಾಕುತ್ತದೆ; ‘ಕನ್ನಡ’ ಎಂಬುದು ಒಂದು ಗುರು, ಎರಡು ಲಘು, ಅಂದರೆ ಭಗಣ ಎಂದು ಅದು ಎಂದೂ ತಪ್ಪದೆ ಹೇಳುತ್ತದೆ. ಆದರೆ ಹಳಗನ್ನಡದಲ್ಲಿ ಶಿಥಿಲದ್ವಿತ್ವ ಎಂಬುದೊಂದಿದೆ. ‘ಅಮರ್ದು’, ‘ಪೊಗೞ್ದು’ ಮುಂತಾದ ಪದಗಳಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿದರೆ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ‘ಅಮರ್ದು’ ಒತ್ತಿ ಹೇಳಿದರೆ ನಾಲ್ಕು ಮಾತ್ರೆ, ತೇಲಿಸಿ ಹೇಳಿದರೆ ಮೂರು. ಕವಿ ಎಲ್ಲಿ ಒತ್ತಿದ್ದಾನೆ, ಎಲ್ಲಿ ತೇಲಿಸಿದ್ದಾನೆ ಎಂಬುದು ಬರೆಹದಲ್ಲಿ ಕಾಣುವುದಿಲ್ಲ. ಪದ್ಯದ ನಡಿಗೆಯಿಂದ ತಿಳಿದುಕೊಳ್ಳಬೇಕು. ನಾನು ಬಳಸುತ್ತಿದ್ದ ಸಲಕರಣೆ ಎಲ್ಲ ಕಡೆಯೂ ಗುರುವನ್ನೇ ಹಾಕಿತು, ನಾನು ಅದನ್ನು ನೋಟ್‌ಬುಕ್ಕಿಗೆ ಹಾಗೆಯೇ ಇಳಿಸಿಕೊಂಡೆ, ಕಿರುಪರೀಕ್ಷೆಯಲ್ಲಿ 13 ಮಾತ್ರೆಯ ಮೊದಲ ಸಾಲನ್ನು ಬರೆದು ಬಂದೆ. ತಪ್ಪು ಯಂತ್ರದ್ದಲ್ಲ. ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ ಎಂದು ಎಣಿಸಿ ನೋಡದಿದ್ದವನು ನಾನು. ಎಣಿಕೆಯನ್ನು ಇನ್ನೊಬ್ಬರಿಗೆ ಒಪ್ಪಿಸಿದ ಮೇಲೆ ಅನುಮಾನಪಡುವ ಅಭ್ಯಾಸವೂ ಅದರೊಡನೆಯೇ ಹೊರಟುಹೋಗಿತ್ತು. ಆ ವಾರವೇ ಸ್ಲೇಟು ಕೊಂಡು ತಂದೆ. ಈಗಲೂ ಯಂತ್ರವನ್ನು ಬಿಟ್ಟಿಲ್ಲ, ಆದರೆ ಕ್ರಮ ಬದಲಾಗಿದೆ: ಮೊದಲು ಸ್ಲೇಟಿನಲ್ಲಿ ನಾನು ಹಾಕುತ್ತೇನೆ, ಆಮೇಲೆ ಅದು ಹಾಕಿದ್ದನ್ನು ನೋಡುತ್ತೇನೆ, ಇಬ್ಬರಿಗೂ ಎಲ್ಲಿ ಹೊಂದಿಕೆಯಾಗಲಿಲ್ಲವೋ ಅಲ್ಲಿ ಕುಳಿತು ಯೋಚಿಸುತ್ತೇನೆ. ಪದ್ಯದ ಬಗ್ಗೆ ನಾನು ಕಲಿತದ್ದರಲ್ಲಿ ಬಹುಪಾಲು ಹೀಗೆ ಹೊಂದಿಕೆಯಾಗದ ಜಾಗಗಳಲ್ಲಿಯೇ ಕಲಿತದ್ದು.

ಬಳಪದ ಬಗ್ಗೆ ಒಂದು ಮಾತು. ನಮ್ಮಲ್ಲಿ ಹಿಂದೆ ಲೆಕ್ಕಪತ್ರಗಳನ್ನು ಬರೆಯಲು ‘ಕಡತ’ ಎಂಬುದನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಟ್ಟ ಆ ಕಪ್ಪು ಹಾಳೆಗಳ ಮೇಲೆ ಬಳಪದಿಂದಲೇ ಬರೆಯುತ್ತಿದ್ದುದು. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಆ ಹೆಸರು ಮೊದಲು ಕಚೇರಿಯ ಫೈಲಿಗೆ ಬಂತು, ಈಗ ಕಂಪ್ಯೂಟರಿನ ಫೈಲನ್ನೂ ಕಡತವೆಂದೇ ಕನ್ನಡದಲ್ಲಿ ಬರೆಯುತ್ತೇವೆ. ನನ್ನ ಸ್ಲೇಟನ್ನು ನೋಡಿ ನಕ್ಕ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಇನ್ನೂ ಹೆಚ್ಚು ನಕ್ಕ.

ಇನ್ನು ನಿಘಂಟಿನ ವಿಷಯ. ಫರ್ಡಿನಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಸುಮಾರು 70,000 ಪದಗಳಿರುವ ಆ ಗ್ರಂಥವನ್ನು ಗ್ರಂಥಾಲಯದ ಮೇಜಿನ ಮೇಲೆ ಎರಡೂ ಕೈಗಳಿಂದ ಎತ್ತಿಡಬೇಕು. ಅದರ ಸ್ಕ್ಯಾನ್ ಪ್ರತಿ ಈಗ ನನ್ನ ಫೋನಿನಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಮಾತ್ರ ಗ್ರಂಥಾಲಯದಲ್ಲಿಯೇ ನೋಡುತ್ತೇನೆ. ವಿ. ಕೃಷ್ಣ ಅವರು ಸುಮಾರು ನಲವತ್ತು ವರ್ಷ ಒಬ್ಬರೇ ಕುಳಿತು ಸಿದ್ಧಪಡಿಸಿದ, 2019ರಲ್ಲಿ ಎಲ್ಲರೂ ಮುಕ್ತವಾಗಿ ಬಳಸುವಂತೆ ಅಂತರಜಾಲಕ್ಕೆ ಬಂದ ‘ಅಲರ್’ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಅಲರ್ ಎಂದರೆ ಹಳಗನ್ನಡದಲ್ಲಿ ಅರಳು, ಹೂವು. ಹೆಸರಿಟ್ಟವರ ರುಚಿಯನ್ನು ಮೆಚ್ಚಬೇಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರಿಂದ ಹಲವು ನಿಘಂಟುಗಳನ್ನು ಒಂದೇ ಕಡೆ ಹುಡುಕಲು ಅವಕಾಶ ಮಾಡಿಕೊಟ್ಟಿದೆ. ನನ್ನ ಹಿಂದಿನ ತಲೆಮಾರಿನ ವಿದ್ಯಾರ್ಥಿ ಒಂದು ಪದಕ್ಕಾಗಿ ಗ್ರಂಥಾಲಯದ ಬಾಗಿಲು ತೆರೆಯುವವರೆಗೆ ಕಾಯಬೇಕಾಗಿತ್ತು. ನಾನು ರಾತ್ರಿ ಹನ್ನೆರಡಕ್ಕೆ ಹಾಸಿಗೆಯಲ್ಲಿ ಮಲಗಿಕೊಂಡು ಮೂರು ನಿಘಂಟುಗಳನ್ನು ನೋಡುತ್ತೇನೆ. ಇದನ್ನು ಸಣ್ಣ ಮಾತು ಎಂದು ಯಾರಾದರೂ ಹೇಳಿದರೆ ಅವರು ಹಳ್ಳಿಯಿಂದ ಬಂದು ಓದಿದವರಲ್ಲ ಎಂದೇ ನಾನು ತಿಳಿಯುತ್ತೇನೆ.

ಆದರೂ ಫೋನಿನ ಹುಡುಕುಪೆಟ್ಟಿಗೆ ನಾನು ಕೊಟ್ಟ ಅಕ್ಷರಗಳನ್ನು ಮಾತ್ರ ಹುಡುಕುತ್ತದೆ. ಪದ್ಯದಲ್ಲಿ ‘ಬಂದಪಂ’ ಎಂದಿದ್ದರೆ, ಅದು ‘ಬರ್’ ಎಂಬ ಧಾತುವಿನ ವರ್ತಮಾನ ರೂಪ, ಮಧ್ಯದ ‘ದಪ’ ಕಾಲಸೂಚಕ ಪ್ರತ್ಯಯ ಎಂದು ಮೊದಲು ನನಗೆ ಗೊತ್ತಿರಬೇಕು. ‘ಕೊಂದಂ’ ಎಂಬುದರಿಂದ ‘ಕೊಲ್’, ‘ನಿಂದಂ’ ಎಂಬುದರಿಂದ ‘ನಿಲ್’, ‘ಕಂಡಂ’ ಎಂಬುದರಿಂದ ‘ಕಾಣ್’ ಎಂದು ಬಿಡಿಸಿಕೊಳ್ಳದೆ ಯಾವ ನಿಘಂಟಿನ ಬಾಗಿಲೂ ತೆರೆಯುವುದಿಲ್ಲ. ‘ನಾಡೆ’ ಎಂದು ಬಂದಾಗ ‘ನಾಡು’ ಎಂಬ ಪದಕ್ಕೆ ಏನೋ ಸೇರಿದೆ ಎಂದುಕೊಂಡು ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ. ಅದು ‘ವಿಶೇಷವಾಗಿ’ ಎಂಬ ಅರ್ಥದ ಅವ್ಯಯ. ಅಚ್ಚಿನ ನಿಘಂಟಿನಲ್ಲಿ ಇಂಥ ತಪ್ಪು ಬೇಗ ಬಯಲಾಗುತ್ತದೆ, ಏಕೆಂದರೆ ಅಲ್ಲಿ ಪದಗಳು ಬಂಧುಬಳಗದೊಡನೆ ಕುಳಿತಿರುತ್ತವೆ. ‘ಪೂಣ್’ ಎಂಬುದನ್ನು ಹುಡುಕುತ್ತಾ ಬೆರಳು ಜಾರಿಸಿದರೆ ಅಕ್ಕಪಕ್ಕದಲ್ಲಿಯೇ ‘ಪೂಣಿಗ’ ಮತ್ತು ‘ಪೂಣ್ಕೆ’ ಸಿಗುತ್ತವೆ. ಪ್ರತಿಜ್ಞೆ ಮಾಡುವುದು, ಮಾಡಿದವನು, ಮಾಡಿದ ಪ್ರತಿಜ್ಞೆ ಮೂರೂ ಒಂದೇ ನೋಟದಲ್ಲಿ ತಿಳಿಯುತ್ತವೆ. ಫೋನು ಕೇಳಿದ ಒಂದನ್ನು ಕೊಟ್ಟು ಸುಮ್ಮನಾಗುತ್ತದೆ. ಈ ಕಾರಣಕ್ಕೆ ವಾರದಲ್ಲಿ ಎರಡು ಮಧ್ಯಾಹ್ನ ಗ್ರಂಥಾಲಯದ ಕಿಟೆಲ್ ಎದುರು ಕುಳಿತುಕೊಳ್ಳುತ್ತೇನೆ, ಆ ವಾರ ಫೋನಿನಲ್ಲಿ ನೋಡಿದ ಪದಗಳ ಪಟ್ಟಿಯನ್ನು ಹಿಡಿದುಕೊಂಡು ಅವುಗಳ ನೆರೆಹೊರೆಯನ್ನು ನೋಡಿ ಬರುತ್ತೇನೆ.

ಈಗ ನನ್ನ ದೊಡ್ಡ ಎಡವಟ್ಟನ್ನು ಹೇಳಬೇಕು. ಕಳೆದ ವರ್ಷ ತರಗತಿಯ ಸೆಮಿನಾರಿನಲ್ಲಿ ಒಂದು ಯುದ್ಧವರ್ಣನೆಯ ಭಾಗವನ್ನು ಕುರಿತು ಮಾತನಾಡಬೇಕಾಗಿತ್ತು. ನಾನು ಅಂತರಜಾಲದಲ್ಲಿ ಯಾರೋ ಟೈಪ್ ಮಾಡಿ ಹಾಕಿದ್ದ ಪಠ್ಯವನ್ನು ಇಳಿಸಿಕೊಂಡು ಸಿದ್ಧನಾಗಿದ್ದೆ. ಅದರಲ್ಲಿ ಒಬ್ಬ ವೀರ ‘ಬಾಳಂ’ ಬಿಸುಟನೆಂದು ಇತ್ತು. ಅವನು ಬಾಳನ್ನೇ, ಅಂದರೆ ಬದುಕನ್ನೇ ಬಿಸುಟನೆಂದು ತಿಳಿದು, ರಣರಂಗದಲ್ಲಿ ಹುಟ್ಟುವ ವೈರಾಗ್ಯ ಎಂಬ ವಿಷಯದ ಮೇಲೆ ಆರು ಪುಟ ಬರೆದೆ. ನಾನು ಓದಿ ಮುಗಿಸಿದ ಮೇಲೆ ನಮ್ಮ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಚ್ಚಿನ ಪುಸ್ತಕದಲ್ಲಿ ಯಾವ ಳ ಇದೆ, ನೋಡಿದ್ದೀರಾ?” ಎಂದು ಕೇಳಿದರು. ನಾನು ನೋಡಿರಲಿಲ್ಲ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಎರಡನೆಯದು ರೞ, ಈಗ ನಮ್ಮ ವರ್ಣಮಾಲೆಯಲ್ಲಿ ಇಲ್ಲದ ಅಕ್ಷರ. ಟೈಪ್ ಮಾಡಿದವರು ಎಲ್ಲ ೞಕಾರಗಳನ್ನೂ ಳ ಎಂದೇ ಮಾಡಿದ್ದರಿಂದ ಆ ಪಠ್ಯದಲ್ಲಿ ಕತ್ತಿಯೂ ಬದುಕೂ ಒಂದೇ ಆಗಿದ್ದವು. ಅಚ್ಚಿನ ಪ್ರತಿಯಲ್ಲಿ ಇದ್ದದ್ದು ಕತ್ತಿ. ವೀರ ಕತ್ತಿಯನ್ನು ಎಸೆದು ಬಿಲ್ಲು ತೆಗೆದುಕೊಂಡಿದ್ದ, ಅಷ್ಟೇ. ಅವನಿಗೆ ಯಾವ ವೈರಾಗ್ಯವೂ ಬಂದಿರಲಿಲ್ಲ.

ಮೇಷ್ಟ್ರು ಬೈಯಲಿಲ್ಲ, ತಮ್ಮ ಹಳೆಯ ಪ್ರತಿಯನ್ನು ತೆರೆದು ತೋರಿಸಿದರು. ಅದರ ಅಂಚಿನಲ್ಲಿ, ಅವರು ವಿದ್ಯಾರ್ಥಿಯಾಗಿದ್ದಾಗ ಬರೆದ ಪೆನ್ಸಿಲ್ ಗುರುತಿನಲ್ಲಿ, ‘ಬಾಳ್ = ಖಡ್ಗ; ೞ ಅಲ್ಲ’ ಎಂದಿತ್ತು. ಅವರೂ ಒಮ್ಮೆ ಅದೇ ಜಾಗದಲ್ಲಿ ಎಡವಿದ್ದರು ಎಂಬುದು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ.

ಈ ಗೊಂದಲ ಹೊಸದೇನೂ ಅಲ್ಲ. ೞಕಾರ ಜನರ ಬಾಯಲ್ಲಿ ಕ್ರಮೇಣ ಳಕಾರವಾಗುತ್ತಾ ಬಂದು, ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನ ಹೊತ್ತಿಗೆ ಯಾವ ಪದದಲ್ಲಿ ೞ ಬರುತ್ತದೆಂದು ಪಟ್ಟಿ ಮಾಡಿಕೊಡುವ ಅಗತ್ಯ ಬಿದ್ದಿತ್ತು. ಶಕಟರೇಫ ಎಂಬ ಇನ್ನೊಂದು ಹಳೆಯ ಅಕ್ಷರದ, ಅಂದರೆ ಱಕಾರದ, ಕಥೆಯೂ ಅದೇ: ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು, ಶಕಟರೇಫವನ್ನು ಬರಿಯ ರ ಮಾಡಿದರೆ ತಿಳಿಯುವುದೂ ಕತ್ತರಿಸುವುದೂ ಒಂದೇ ಆಗುತ್ತದೆ. ಯುನಿಕೋಡ್‌ನಲ್ಲಿ ಈ ಎರಡಕ್ಕೂ ಸ್ಥಾನವಿದೆ. ಆದರೆ ೞ ಅಕ್ಷರವನ್ನು ಕಂಪ್ಯೂಟರಿನ ಆ ಅಕ್ಷರಪಟ್ಟಿಗೆ ಸೇರಿಸಿದಾಗ ಅದಕ್ಕೆ ‘ಫ’ ಎಂಬ ತಪ್ಪು ಹೆಸರನ್ನು ಕೊಟ್ಟುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮ ಅಲ್ಲಿರುವುದರಿಂದ ಸರಿಯಾದ ಹೆಸರು ಈಗ ಅಡ್ಡಹೆಸರಾಗಿ ಮಾತ್ರ ದಾಖಲಾಗಿದೆ. ಎಂಟುನೂರು ವರ್ಷಗಳ ಹಿಂದೆಯೇ ಜನ ಮರೆಯತೊಡಗಿದ್ದ ಅಕ್ಷರಕ್ಕೆ ಕಂಪ್ಯೂಟರಿನ ಒಳಗೂ ತನ್ನ ಹೆಸರು ಸಿಗಲಿಲ್ಲವೆಂದರೆ ಅದರ ಜಾತಕದಲ್ಲಿಯೇ ಏನೋ ದೋಷವಿರಬೇಕು.

ಡಿಜಿಟಲ್ ಪಠ್ಯದ ಉಳಿದ ತೊಡಕುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವವರು ಬಹಳ ಮಂದಿ. ಕಣ್ಣಿಗೆ ‘ಪಂಪ’ ಮತ್ತು ‘ಪ೦ಪ’ ಹೆಚ್ಚುಕಡಿಮೆ ಒಂದೇ ಆಗಿ ಕಂಡರೂ ಹುಡುಕುವ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ಒಂದನ್ನು ಕೇಳಿದರೆ ಇನ್ನೊಂದು ಸಿಗುವುದಿಲ್ಲ. ಚಿತ್ರದಿಂದ ಅಕ್ಷರ ಓದಿಕೊಡುವ ತಂತ್ರಾಂಶ ಅರ್ಕಾವತ್ತನ್ನು ಒಂಬತ್ತೆಂದು ಓದಿ ‘ಧರ್ಮ’ವನ್ನು ‘ಧಮ೯’ ಮಾಡುತ್ತದೆ, ೞಕಾರವನ್ನು ಒಮ್ಮೆ ಳ ಎಂದೂ ಇನ್ನೊಮ್ಮೆ ಟ ಎಂದೂ ಓದುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಲೇಖನಗಳಿಂದ ಒಂದು ವಾಕ್ಯವನ್ನು ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಗೋಜಲು ಬರುತ್ತದೆ. ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಇವನ್ನೆಲ್ಲ ಸರಿಪಡಿಸಿಕೊಂಡು ಒಂದು ಶುದ್ಧ ಪಠ್ಯವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಮಾತ್ರ ಅದರ ನಿಜವಾದ ಪ್ರಯೋಜನ ಗೊತ್ತಾಗುತ್ತದೆ. ಒಂದು ಪದ ಇಡೀ ಕಾವ್ಯದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಕೇಳಿದರೆ ಅಷ್ಟೂ ಸಾಲುಗಳು ಒಟ್ಟಿಗೆ ಮುಂದೆ ನಿಲ್ಲುತ್ತವೆ. ಹಿಂದಿನ ವಿದ್ವಾಂಸರು ಚೀಟಿಗಳನ್ನು ಬರೆದು, ಅಕಾರಾದಿಯಾಗಿ ಜೋಡಿಸಿ, ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸ ಅದು. ಇಲ್ಲಿ ಸಾಂಪ್ರದಾಯಿಕ ವಿಧಾನಕ್ಕೆ ಅಂಟಿಕೊಳ್ಳುವುದರಲ್ಲಿ ನನಗೆ ಯಾವ ಅರ್ಥವೂ ಕಾಣುವುದಿಲ್ಲ.

ಅಚ್ಚಿನ ಪುಸ್ತಕವೇ ಸಿಗದಿದ್ದಾಗ ಸ್ಕ್ಯಾನ್ ಪ್ರತಿಯೇ ಗತಿ. ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಮಳೆಗಾಲದ ರಜೆ ಕಳೆಯುವಾಗ ಕರೆಂಟು ಎರಡು ದಿನ ಇಲ್ಲದಿರುವುದೂ ಉಂಟು, ನೆಟ್‌ವರ್ಕ್ ಬೇಕೆಂದರೆ ಬಸ್ ನಿಲ್ದಾಣದ ದಿಬ್ಬದವರೆಗೆ ನಡೆಯಬೇಕು. ಅಲ್ಲಿ ಕೊಡೆ ಹಿಡಿದು ನಿಂತು ಇಂಟರ್‌ನೆಟ್ ಆರ್ಕೈವ್‌ನಿಂದ ಹಳೆಯ ಪುಸ್ತಕಗಳನ್ನು ಇಳಿಸಿಕೊಂಡು ಮನೆಗೆ ಬಂದು ಓದಿದ್ದೇನೆ. ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಪಂಪಭಾರತದ ಪುಟಗಳನ್ನು ನಾನು ಮೊದಲು ನೋಡಿದ್ದು ಹಾಗೆಯೇ, ಚಿಮಣಿ ದೀಪದ ಪಕ್ಕದಲ್ಲಿ, ಫೋನಿನ ಬ್ಯಾಟರಿ ಶೇಕಡಾ 11 ಇರುವಾಗ. ಅರ್ಥಕ್ಕೆ ಮಾತ್ರ ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯನ್ನು ಅಚ್ಚಿನಲ್ಲಿಯೇ ಇಟ್ಟುಕೊಂಡಿದ್ದೇನೆ. ಒಂದು ಕೈಯಲ್ಲಿ ಮೂಲ, ಇನ್ನೊಂದು ಕೈಯಲ್ಲಿ ವ್ಯಾಖ್ಯಾನ ಎಂದು ಓದುವ ಪುಸ್ತಕಗಳನ್ನು ಒಂದೇ ಸಣ್ಣ ಪರದೆಯಲ್ಲಿ ಅತ್ತಿತ್ತ ಸರಿಸುತ್ತಾ ಓದಿದರೆ ಎರಡೂ ತಲೆಗೆ ಹೋಗುವುದಿಲ್ಲ. ಇದು ನನ್ನ ಅನುಭವ, ಬೇರೆಯವರಿಗೆ ಬೇರೆಯಾಗಿರಬಹುದು.

ಊರಿನ ಮಾತು ಬಂದದ್ದರಿಂದ ಅಜ್ಜನ ವಿಷಯವನ್ನು ಬರೆಯದೆ ಮುಂದೆ ಹೋಗಲಾರೆ. ಅಜ್ಜ ನಾಲ್ಕನೆಯ ತರಗತಿಯವರೆಗೆ ಓದಿದವರು. ಆದರೆ ಭದ್ರಾವತಿ ಆಕಾಶವಾಣಿಯಲ್ಲಿ ಗಮಕವನ್ನು, ಅಂದರೆ ರಾಗವಾಗಿ ಮಾಡುವ ಕಾವ್ಯವಾಚನವನ್ನು, ಕೇಳಿ ಕೇಳಿ ಕುಮಾರವ್ಯಾಸನ ಎಷ್ಟೋ ಪದ್ಯಗಳು ಅವರಿಗೆ ಬಾಯಿಗೆ ಬರುತ್ತವೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದಮೇಲೊಂದು ಬರುತ್ತವೆ, ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದವಾಗಿದ್ದು ಕೊನೆಯಲ್ಲಿ ಒಂದು ಗುರುವಿರುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿಲ್ಲ, ಆದರೆ ನಾನು ಓದುವಾಗ ಒಂದು ಮಾತ್ರೆ ತಪ್ಪಿದರೆ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ತಲೆ ಅಲ್ಲಾಡಿಸುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅಜ್ಜ ಅದನ್ನು ಮನೆಯ ಸುದ್ದಿಯಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಶವಮೂರ್ತಿಯವರು ತೀರಿಕೊಂಡಾಗ ಅಜ್ಜ ಒಂದು ದಿನ ಮಾತೇ ಆಡಲಿಲ್ಲ.

ಗಮಕದ ಧ್ವನಿಮುದ್ರಣಗಳನ್ನು ನಾನು ಫೋನಿನಲ್ಲಿ ವೇಗ ಕಡಿಮೆ ಮಾಡಿಕೊಂಡು ಕೇಳುತ್ತೇನೆ. ಗಮಕಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಪದವನ್ನು ಎರಡು ಸಲ ಹೇಳುತ್ತಾರೆ, ಸಾಲಿನ ಕೊನೆಯಲ್ಲಿ ಅರ್ಧಕ್ಕೆ ನಿಂತ ಪದವನ್ನು ಮುಂದಿನ ಸಾಲಿಗೆ ಹೇಗೆ ಸೇರಿಸುತ್ತಾರೆ ಎಂಬುದನ್ನು ಪೆನ್ಸಿಲಿನಿಂದ ಪುಸ್ತಕದಲ್ಲಿ ಗುರುತು ಮಾಡಿಕೊಂಡರೆ ಪದಚ್ಛೇದದ, ಅಂದರೆ ಕೂಡಿಕೊಂಡ ಪದಗಳನ್ನು ಬಿಡಿಸುವ, ಅರ್ಧ ಕೆಲಸ ಮುಗಿದಂತೆಯೇ. ಇದನ್ನು ಅಜ್ಜನಿಗೆ ಹೇಳಿದಾಗ ಅವರು, “ಸಾಲು ಮುಗೀತು ಅಂತ ನಿಲ್ಲಿಸಬೇಡ ಮಗಾ, ಮಾತು ಮುಗಿದಲ್ಲಿ ನಿಲ್ಲಿಸು” ಎಂದರು. ಛಂದಸ್ಸಿನ ತರಗತಿಯಲ್ಲಿ ಎರಡು ಗಂಟೆ ಕೇಳಿದ ವಿಷಯವೇ ಅದು. ಈಗ ಊರಿಗೆ ಹೋದಾಗಲೆಲ್ಲ ಅವರ ಬಾಯಲ್ಲಿರುವ ಪದ್ಯಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಮುದ್ರಿಸುತ್ತಿದ್ದೇನೆಂದು ಗೊತ್ತಾದರೆ ಅವರ ಧ್ವನಿ ಬಿಗಿಯಾಗುತ್ತದೆ. ಆದ್ದರಿಂದ ಮೊದಲೇ ಒಪ್ಪಿಗೆ ಪಡೆದು, ಫೋನನ್ನು ಎಲೆಅಡಿಕೆ ತಟ್ಟೆಯ ಹಿಂದೆ ಇಟ್ಟು, ಅವರು ಅದನ್ನು ಮರೆಯುವವರೆಗೆ ಬೇರೆ ಮಾತಾಡುತ್ತಾ ಕುಳಿತಿರುತ್ತೇನೆ.

ಪರೀಕ್ಷೆಯ ತಯಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಮೂರು ಗಂಟೆಯಲ್ಲಿ 150 ಪ್ರಶ್ನೆಗಳು, ಅವುಗಳಲ್ಲಿ 100 ಕನ್ನಡದವು. ಕವಿ, ಕಾಲ, ಆಶ್ರಯದಾತ ಎಂದು ನೆನಪಿಡಬೇಕಾದುದು ರಾಶಿ ಇದೆ. ಅದಕ್ಕೆ ‘ಅಂಕಿ’ ಎಂಬ ಆ್ಯಪ್ ಬಳಸುತ್ತೇನೆ. ಅದು ನಮ್ಮ ಅಂಕಿಯಲ್ಲ, ಜಪಾನಿ ಭಾಷೆಯಲ್ಲಿ ಕಂಠಪಾಠ ಎಂಬ ಅರ್ಥದ ಪದ. ಗೊತ್ತಿರುವ ಚೀಟಿಯನ್ನು ಹೆಚ್ಚು ಹೆಚ್ಚು ದಿನಗಳ ಅಂತರದಲ್ಲಿ, ಮರೆತ ಚೀಟಿಯನ್ನು ಬೇಗ ಬೇಗ ಎದುರಿಗೆ ತಂದು ಕೇಳುತ್ತದೆ. ಅಜ್ಜನ ಕಾಲದಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಸಂಜೆ ದೀಪ ಹಚ್ಚಿದ ಮೇಲೆ ಹೇಳಿಸುತ್ತಿದ್ದವರೂ ತಡವರಿಸಿದ ಮಗ್ಗಿಯನ್ನು ಮರುದಿನ ಮತ್ತೆ ಕೇಳುತ್ತಿದ್ದರಂತೆ. ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಬೇರೆಯವರು ಮಾಡಿಟ್ಟ ಚೀಟಿಗಳ ಕಟ್ಟನ್ನು ಇಳಿಸಿಕೊಳ್ಳುವುದಿಲ್ಲ, ನಾನು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದುಕೊಂಡದ್ದನ್ನೇ ಚೀಟಿ ಮಾಡುತ್ತೇನೆ. ಸೆಮಿಸ್ಟರ್ ಪರೀಕ್ಷೆ ಈಗಲೂ ಪೆನ್ನಿನಲ್ಲಿಯೇ ನಡೆಯುವುದರಿಂದ, ವಾರಕ್ಕೊಮ್ಮೆ ಗಡಿಯಾರ ಇಟ್ಟುಕೊಂಡು ಒಂದು ಉತ್ತರವನ್ನು ಪೂರ್ತಿ ಬರೆಯುವುದೂ ಇದೆ. ಟೈಪ್ ಮಾಡಿ ಮಾಡಿ ಕೈ ಬರೆಯುವುದನ್ನೇ ಮರೆತ ಸಹಪಾಠಿಗಳನ್ನು ನೋಡಿದ ಮೇಲೆ ಹುಟ್ಟಿದ ಭಯವಿದು.

ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳ ಬಗ್ಗೆಯೂ ಕಿರಿಯರು ಕೇಳಿದರು. ಒಂದು ಕಂದಪದ್ಯವನ್ನು ಕೊಟ್ಟು ಅರ್ಥ ಕೇಳಿ ನೋಡಿದ್ದೇನೆ. ಬಂದ ಗದ್ಯ ನಯವಾಗಿತ್ತು, ಎಲ್ಲಿಯೂ ತಡವರಿಸಲಿಲ್ಲ, ಮತ್ತು ಎರಡನೆಯ ಸಾಲಿನಿಂದಾಚೆಗೆ ಪೂರ್ತಿ ಕಲ್ಪನೆಯಾಗಿತ್ತು. ಗೊತ್ತಿಲ್ಲದ ಪದ ಬಂದಾಗ ನಾನು ತಡವರಿಸುತ್ತೇನೆ, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕುತ್ತೇನೆ, ಅದು ಹಾಕಲಿಲ್ಲ. ಹೀಗಾಗಿ ಪದ್ಯದ ಅರ್ಥಕ್ಕೆ ಅದನ್ನು ಬಳಸುವುದಿಲ್ಲ. ನನ್ನದೇ ಟಿಪ್ಪಣಿಗಳನ್ನು ಕೊಟ್ಟು, ಇದರ ಮೇಲೆ ಹತ್ತು ಪ್ರಶ್ನೆ ಕೇಳು ಎಂದರೆ ಚೆನ್ನಾಗಿ ಕೇಳುತ್ತದೆ, ಇಂಗ್ಲಿಷ್ ಲೇಖನವೊಂದರ ಸಾರವನ್ನು ಓದಲು ನೆರವಾಗುತ್ತದೆ. ಅಷ್ಟಕ್ಕೆ ಅದು ಸಾಕು. ಗೊತ್ತಾಗಬೇಕಾದದ್ದು ಎಲ್ಲಿದೆ ಎಂದು ಹುಡುಕಲು ನಾನು ಫೋನನ್ನು ನಂಬುತ್ತೇನೆ. ನನಗೆ ಗೊತ್ತಾಗಿದೆಯೇ ಇಲ್ಲವೇ ಎಂದು ನೋಡಿಕೊಳ್ಳಲು ಸ್ಲೇಟು, ನೋಟ್‌ಬುಕ್ಕು, ಅಜ್ಜನ ತಲೆಯಾಡಿಸುವಿಕೆ ಬೇಕಾಗುತ್ತವೆ, ಏಕೆಂದರೆ ಅವುಗಳ ಮುಂದೆ ನನ್ನ ತಪ್ಪು ನನ್ನದಾಗಿಯೇ ಹೊರಬರುತ್ತದೆ.

ಸೆಮಿನಾರಿನ ಆ ಕತ್ತಿಯ ಪ್ರಸಂಗದ ಪರಿಣಾಮವಾಗಿ ಈಗ ಒಂದು ಕೆಲಸ ನಡೆಯುತ್ತಿದೆ. ಅಂತರಜಾಲದಿಂದ ಇಳಿಸಿಕೊಂಡ ಪಂಪಭಾರತದ ಪಠ್ಯಕ್ಕೆ ೞಕಾರ ಮತ್ತು ಶಕಟರೇಫಗಳನ್ನು ಮತ್ತೆ ಹಾಕುವ ಕೆಲಸ. ಒಟ್ಟು 14 ಆಶ್ವಾಸಗಳು, ಅಂದರೆ ಅಧ್ಯಾಯಗಳು. ನಾವು ಮೂವರು ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ನನ್ನ ಕೋಣೆಯಲ್ಲಿ ಸೇರುತ್ತೇವೆ. ಒಬ್ಬರು ಅಚ್ಚಿನ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಾರೆ, ಮೂರನೆಯವರು ಅನುಮಾನ ಬಂದ ಪದ್ಯದ ಮಾತ್ರೆಗಳನ್ನು ಸ್ಲೇಟಿನಲ್ಲಿ ಎಣಿಸುತ್ತಾರೆ. ಓದುವವರು ಳ ಮತ್ತು ೞ ಬೇರೆಯಾಗಿ ಕೇಳಿಸುವಂತೆ ನಾಲಿಗೆಯನ್ನು ಹಿಂದಕ್ಕೆ ಮಡಚಿ ಹೇಳಬೇಕೆಂದು ಮೊದಲ ವಾರ ಒಪ್ಪಂದವಾಗಿತ್ತು. ತಮಿಳು ಬಲ್ಲ ಕೊಳ್ಳೇಗಾಲದ ಗೆಳತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಅದು ಬರಲಿಲ್ಲವಾದ್ದರಿಂದ ಈಗ ಓದುವ ಸರದಿ ಯಾವಾಗಲೂ ಅವಳದೇ. ಕಳೆದ ಭಾನುವಾರ ಐದನೆಯ ಆಶ್ವಾಸದ ಮಧ್ಯದಲ್ಲಿದ್ದೆವು. ಒಂದು ಪದದಲ್ಲಿ ಇರುವುದು ಳ ಅಥವಾ ೞ ಎಂಬ ಬಗ್ಗೆ ಅಚ್ಚಿನ ಪ್ರತಿಗೂ ಸ್ಕ್ಯಾನ್ ಪ್ರತಿಗೂ ಹೊಂದಿಕೆಯಾಗಲಿಲ್ಲ, ಕಿಟೆಲ್ ನೋಡೋಣವೆಂದು ಫೋನು ತೆಗೆದರೆ ಚಾರ್ಜ್ ಮುಗಿದಿತ್ತು. ಆ ಸಾಲನ್ನು ಸ್ಲೇಟಿನ ಮೇಲೆ ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿ, ಯಾರೂ ಒರೆಸಬಾರದೆಂದು ಹೇಳಿ ಊಟಕ್ಕೆ ಹೊರಟೆವು.